ಅಟ್ಟದ ವಿಡಿಯೋ ಗೇಮಿಗೆ ಕರೆಂಟು ಕೊಡುವ ಮೊದಲು

ಮಂಗಳೂರು, ಉಡುಪಿ ಕಡೆ ಹಳೆಯ ವಿಡಿಯೋ ಗೇಮುಗಳು ಆಡಿ ಹಾಳಾದದ್ದಕ್ಕಿಂತ ಆಡದೆ ಇಟ್ಟು ಹಾಳಾದದ್ದೇ ಹೆಚ್ಚು. ಮಳೆಗಾಲದ ತೇವ, ಕಡಲಿನ ಉಪ್ಪುಗಾಳಿ ಎರಡೂ ಸೇರಿ ಪಿನ್ನುಗಳಿಗೆ ಕಿಲುಬು ಹಿಡಿಸುತ್ತವೆ. ಹಾಗಾಗಿ ಅಟ್ಟದಿಂದ ಇಳಿಸಿದ್ದಾಗಲಿ, ಗುಜರಿ ಅಂಗಡಿಯಿಂದ ತಂದದ್ದಾಗಲಿ, ಬಂದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ. ಸ್ಕ್ರೂ ಬಿಚ್ಚಿ ಒಳಗೆ ನೋಡಿ. ಜಿರಳೆಯ ಹಿಕ್ಕೆ, ಮೊಟ್ಟೆಯ ಚಿಪ್ಪು ಇದ್ದೇ ಇರುತ್ತದೆ. ಅದು ತೇವ ಹೀರಿಕೊಂಡು ಬೋರ್ಡಿನಲ್ಲಿ ಶಾರ್ಟ್ ಮಾಡುತ್ತದೆ. ಒಣ ಬ್ರಷ್ಷಿನಲ್ಲಿ ಗುಡಿಸಿ, ಎರಡು ದಿನ ಫ್ಯಾನಿನಡಿ ಇಡಿ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಮುಂದಿನದು ಅಡಾಪ್ಟರ್. 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಕ್ಯಾಸೆಟ್ ಗೇಮುಗಳಲ್ಲಿ ಬಹುಪಾಲು, ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ನಕಲುಗಳು. ಸಾಮಾನ್ಯವಾಗಿ ಇವಕ್ಕೆ 9 ವೋಲ್ಟಿನ, ಒಳಪಿನ್ ನೆಗೆಟಿವ್ ಇರುವ ಅಡಾಪ್ಟರ್ ಬೇಕು. ಈಗಿನ ರೌಟರ್ ಅಡಾಪ್ಟರುಗಳಲ್ಲಿ ಒಳಪಿನ್ ಪಾಸಿಟಿವ್. ಅದನ್ನು ಚುಚ್ಚಿದರೆ ಒಳಗಿನ ಭಾಗಗಳು ಸುಡಬಹುದು. ಮೊದಲು ಯಂತ್ರದ ಅಡಿಯಲ್ಲಿ ಬರೆದದ್ದನ್ನು ಓದಿ. ಆಮೇಲೆ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಜ್ಯಾಕಿನ ಒಳಗೆ, ಕಪ್ಪನ್ನು ಹೊರಮೈಗೆ ಹಿಡಿಯಿರಿ. ಅಂಕಿಯ ಮುಂದೆ ಮೈನಸ್ ಬಂದರೆ ಒಳಪಿನ್ ನೆಗೆಟಿವ್. ಜಪಾನಿನಿಂದ ಯಾರಾದರೂ ತಂದುಕೊಟ್ಟ ಯಂತ್ರವಾದರೆ ಅದರ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಲೈಟೇ ಬರದಿದ್ದರೆ ಒಳಗೆ ಲೋಹದ ತುಂಡಿಗೆ ಬಿಗಿದ, ಮೂರು ಕಾಲಿನ, ವೋಲ್ಟೇಜ್ ಇಳಿಸುವ 7805 ಎಂಬ ರೆಗ್ಯುಲೇಟರ್ ಹುಡುಕಿ. ಬರಹ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ನೋಡಿದರೆ ಎಡಗಾಲಿಗೆ 9 ವೋಲ್ಟ್ ಬರಬೇಕು, ಬಲಗಾಲಿನಿಂದ 5 ಹೊರಡಬೇಕು; ನಡುವಿನದು ಗ್ರೌಂಡ್, ಅಳೆಯುವಾಗ ಕಪ್ಪು ಕಡ್ಡಿ ಅಲ್ಲಿಗೆ. ಎಡದಲ್ಲಿ ಬಂದು ಬಲದಲ್ಲಿ ಬಾರದಿದ್ದರೆ ಹೆಚ್ಚಾಗಿ ಅದೇ ಸತ್ತಿರುತ್ತದೆ, ಬದಲಿಸಿ. ಅಗ್ಗದ ಸಾಮಾನು, ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ.

ಯಂತ್ರ ಸರಿಯಿದ್ದೂ ಪರದೆ ಬರೀ ಬೂದು ಅಥವಾ ಚೌಕಚೌಕ ಬಂದರೆ ತಪ್ಪು ಕ್ಯಾಸೆಟ್ಟಿನದು. ಊದಬೇಡಿ. ಚಿಕ್ಕಂದಿನಲ್ಲಿ ಎಲ್ಲರೂ ಊದಿದ್ದೇ, ಆದರೆ ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಬಾಯಿಯ ತೇವ ಪಿನ್ನಿನ ಮೇಲೆ ಉಳಿದು ಕಿಲುಬಿಗೆ ದಾರಿಯಾಗುತ್ತದೆ. ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. 70 ಶೇಕಡದ್ದರಲ್ಲಿ ಉಳಿದದ್ದು ನೀರು, ಅದು ಬೇಡ. ಹತ್ತಿಕಡ್ಡಿಯನ್ನು ಅದ್ದಿ, ಪಿನ್ನುಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ಒರೆಸಿ. ಅಡ್ಡಕ್ಕೆ ಒರೆಸಿದರೆ ಒಂದರ ಕೊಳೆ ಇನ್ನೊಂದಕ್ಕೆ ಸೇರುತ್ತದೆ. ಒಂದು ಬದಿಗೆ 30ರಂತೆ ಒಟ್ಟು 60 ಪಿನ್. ಎರಡೂ ಬದಿ ಮಾಡಿ. ಮೊದಲ ಕಡ್ಡಿ ಕಪ್ಪಾಗುತ್ತದೆ, ಎರಡನೆಯದೂ ಕಪ್ಪಾಗಬಹುದು. ಕಡ್ಡಿ ಬೆಳ್ಳಗೇ ಉಳಿಯುವವರೆಗೆ ಬಿಡಬೇಡಿ. ಹತ್ತು ನಿಮಿಷ ಒಣಗಿಸಿ ಹಾಕಿ ನೋಡಿ.

ಹಸಿರು ಕಿಲುಬು ಇನ್ನೂ ಬಿಡದಿದ್ದರೆ ಪೆನ್ಸಿಲ್ ರಬ್ಬರಿನಿಂದ ಎರಡು ಮೂರು ಸಲ ಹಗುರವಾಗಿ ಎಳೆಯಿರಿ, ಅಷ್ಟೇ. ನಕಲಿ ಕ್ಯಾಸೆಟ್ಟುಗಳ ಲೇಪ ತೆಳು. ಹೆಚ್ಚು ಉಜ್ಜಿದರೆ ತಾಮ್ರ ಬರಿದಾಗಿ ಮುಂದಿನ ಆಟಿ ತಿಂಗಳ ಮಳೆಯೊಳಗೆ ಮತ್ತೆ ಹಸಿರಾಗುತ್ತದೆ. ಆಟ ಉಳಿಸಿಕೊಳ್ಳುವ ಕ್ಯಾಸೆಟ್ಟಾದರೆ ಒಳಗೆ ಬಿಲ್ಲೆ ಬ್ಯಾಟರಿ ಇರಬಹುದು. ಅದರ ಮೇಲಿನ ನಂಬರ್ ನೋಡಿ, ಅದೇ ನಂಬರಿನ, ಲೋಹದ ಪಟ್ಟಿ ಬೆಸೆದ ಬ್ಯಾಟರಿಯನ್ನೇ ಕೊಳ್ಳಿ. ಬಿಲ್ಲೆಗೆ ನೇರ ಸೋಲ್ಡರ್ ಹಿಡಿದರೆ ಅದು ಸಿಡಿಯುವ ಅಪಾಯವಿದೆ.

ಟಿ.ವಿ. ಸಾಧ್ಯವಾದರೆ ಹಳೆಯ ಡಬ್ಬಿ ಟಿ.ವಿ.ಯೇ ಇರಲಿ. ಬಾತುಕೋಳಿ ಹೊಡೆಯುವ ಗನ್ನು ಬೇರೆಯದರಲ್ಲಿ ಕೆಲಸವೇ ಮಾಡದು, ಟಿ.ವಿ. ಗುರಿಯನ್ನು ಬೆಳಗುವ ಆ ಕ್ಷಣವನ್ನೇ ಗನ್ನಿನ ಕಣ್ಣು ಕಾಯುತ್ತದೆ, ಎಲ್.ಸಿ.ಡಿ. ತಡವಾಗಿ ತೋರಿಸುತ್ತದೆ. ಜಪಾನಿನ ಯಂತ್ರ ಕಪ್ಪುಬಿಳುಪಾಗಿ ಕಂಡರೆ ಕೆಟ್ಟಿದೆಯೆಂದು ಎಸೆಯಬೇಡಿ. ಅದರ ಬಣ್ಣದ ಪದ್ಧತಿ ಎನ್.ಟಿ.ಎಸ್.ಸಿ., ನಮ್ಮ ಹಳೆಯ ಟಿ.ವಿ.ಗಳದ್ದು ಪಾಲ್ ಎಂಬ ಬೇರೆ ಪದ್ಧತಿ. ಎರಡನ್ನೂ ಹಿಡಿಯುವ ಟಿ.ವಿ.ಗೆ ಹಾಕಿ. ಡಬ್ಬಿ ಟಿ.ವಿ.ಯ ಹಿಂಬದಿಯನ್ನು ಮಾತ್ರ ನೀವು ಬಿಚ್ಚಬೇಡಿ, ಆಫ್ ಮಾಡಿದ ಮೇಲೂ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಒಳಗೆ ಉಳಿದಿರಬಹುದು.

ಕೊಳ್ಳುವಾಗ ಲೇಬಲ್ಲಿನ '9999 ಆಟ' ಎಂಬುದಕ್ಕೆ ಬೆಲೆ ಕೊಡಬೇಡಿ. ಒಳಗಿರುವುದು ಕೆಲವೇ ಆಟಗಳು, ಹೆಸರು, ಹಂತ ಬದಲಿಸಿ ಮತ್ತೆ ಮತ್ತೆ ಬರುತ್ತವೆ. ಟಾರ್ಚ್ ಬಿಟ್ಟು ಪಿನ್ ನೋಡಿ. ಕಪ್ಪಾಗಿದ್ದರೆ ಚಿಂತೆಯಿಲ್ಲ, ತಿಂದುಹೋಗಿ ಹಳ್ಳ ಬಿದ್ದಿದ್ದರೆ ಬಿಟ್ಟುಬಿಡಿ.

ಇಡುವುದಕ್ಕೆ ಕಪಾಟಿನ ಮೂಲೆಯೂ ಬೇಡ, ರಟ್ಟಿನ ಪೆಟ್ಟಿಗೆಯೂ ಬೇಡ. ರಟ್ಟು ತೇವ ಹಿಡಿದು ಬೂಷ್ಟು ತರುತ್ತದೆ. ಹಪ್ಪಳ ಇಡುವಂಥ ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಡಬ್ಬಿ ಸಾಕು. 5 ಲೀಟರಿನ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗುವಂಥದ್ದೇ ಇರಲಿ. ಕಿತ್ತಳೆ ಹರಳು ಹಸಿರಾದರೆ ತೇವ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಮತ್ತೆ ಕಿತ್ತಳೆಯಾಗುವವರೆಗೆ ಬಿಸಿಮಾಡಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ. ಜೂನಿನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಹರಳಿನ ಬಣ್ಣ ನೋಡುತ್ತಿರಿ.