ಡಬ್ಬಿ ಮಾಂಸ, ಹಾಗಲಕಾಯಿ, ಬಿಸಿ ರೊಟ್ಟಿ: ಮಾಡೋ ರೀತಿ

ಡಬ್ಬಿ ಕೈಗೆ ಬಂದ ಕೂಡಲೇ ಮುಚ್ಚಳ ತಗೀಬ್ಯಾಡ್ರಿ. ಮೊದಲ ತಿರುವಿ ಮುರುವಿ ನೋಡ್ರಿ. ಮ್ಯಾಲಿನ ತಗಡು ಇಲ್ಲಾ ತಳ ಉಬ್ಬಿದ್ರ, ಅಂಚಿನ ಜೋಡಣಿ ಹತ್ರ ನೆಗ್ಗಿದ್ರ, ತುಕ್ಕು ಹಿಡಿದು ಜಿನುಗಾಕ ಹತ್ತಿದ್ರ ಸೀದಾ ಕಸಕ್ಕ ಹಾಕ್ರಿ. 'ನಾಲಿಗಿ ತುದಿಗೆ ಹಚ್ಚಿ ನೋಡೂಣು' ಅನ್ನೋದೂ ಬ್ಯಾಡ. ಕೆಟ್ಟ ಡಬ್ಬ್ಯಾಗ ಹುಟ್ಟೋ ಬೊಟುಲಿಸಂ ವಿಷಕ್ಕ ವಾಸನಿ ಬರಬೇಕಂತೇನಿಲ್ಲ.

ಆಮ್ಯಾಲ ಯಾವ ಮಾಂಸ ಅನ್ನೋದು ಓದ್ರಿ. ನಮ್ಮ ತಂಗಿ ಮಗ ಹಡಗಿನಾಗ ಅಡಗಿ ಕೆಲಸಕ್ಕ ಅದಾನ. ರಜಾ ಮ್ಯಾಲ ಹುಬ್ಬಳ್ಳಿಗೆ ಬಂದಾಗ ಕೇಶ್ವಾಪುರದ ನಮ್ಮ ಮನಿಗೆ ಸ್ಪ್ಯಾಮ್ ಡಬ್ಬಿ ತರ್ತಾನ. ಅದು ಹಂದಿ ಮಾಂಸದ್ದು. ಗಲ್ಫ್ ಕಡೆಯಿಂದ ಬರೋದು ಕೋಳಿದೋ ದನದ್ದೋ ಇರ್ತೈತಿ. ಮುಂದ 'ಲಂಚನ್ ಮೀಟ್' ಅಂತ ದೊಡ್ಡದಾಗಿ ಬರದಿರ್ತಾರ, ಪ್ರಾಣಿ ಹೆಸರು ಹಿಂದ ಸಣ್ಣ ಅಕ್ಷರದಾಗ. ಉಣ್ಣಾಕ ಕರದವರಿಗೆ ಅದನ್ನ ಬಾಯಿಬಿಟ್ಟು ಹೇಳ್ರಿ. ನಮ್ಮ ಓಣ್ಯಾಗ ಹಂದಿ ತಿನ್ನಲಾರದವರು, ದನ ತಿನ್ನಲಾರದವರು, ಮಾಂಸಾನ ಮುಟ್ಟಲಾರದವರು ಎಲ್ಲಾರೂ ಅದಾರ. ಹಂಗಾಗಿ ಇದಕ್ಕ ಹಂಚು, ಚಮಚ ನಾನು ಬ್ಯಾರೇನ ಇಟ್ಟೀನಿ.

ಮಾಡೂದಕ್ಕಿಂತ ಮೊದಲ ಈ ಸ್ಪ್ಯಾಮ್ ಅಂದ್ರ ಏನು ಅನ್ನೋದು ತಿಳಕೊಂಡ್ರ ಅಡಗಿ ಅರ್ಧಾ ಬಂದಂಗ. ಅಮೆರಿಕದ ಮಿನೆಸೋಟಾ ರಾಜ್ಯದ ಆಸ್ಟಿನ್ ಊರಿನ ಹಾರ್ಮೆಲ್ ಕಂಪನಿ 1937ರಾಗ ಇದನ್ನ ಮಾರಾಕ ತಂತು. ಒಳಗ ಇರೋದು ಆರ ಪದಾರ್ಥ: ಹಂದಿ ಮಾಂಸ, ಉಪ್ಪು, ನೀರು, ಆಲೂಗಡ್ಡಿ ಹಿಟ್ಟು, ಸಕ್ಕರಿ, ಸೋಡಿಯಂ ನೈಟ್ರೈಟ್. ಬಣ್ಣ ಗುಲಾಬಿ ಇರೋದು ಈ ನೈಟ್ರೈಟ್‌ನಿಂದ. ವಿಷದ ಕ್ರಿಮಿ ಬೆಳೀಲಾರದಂಗ ತಡಿಯೋದೂ ಅದ. ಮಾಂಸ ಹಸೀದ ತುಂಬಿ, ಗಾಳಿ ಎಳದು, ಮುಚ್ಚಿ, ಡಬ್ಬ್ಯಾಗ ಬೇಯಿಸ್ತಾರ. ಅಂದ್ರ ನಾವು ಬೇಯಿಸೋದು ಏನೂ ಉಳಿದಿಲ್ಲ, ಕೆಂಪಗ ಹುರಿಯೋದಷ್ಟ ಬಾಕಿ.

ನಮ್ಮತ್ತಿ ಒಂದ ತುಣುಕು ಬಾಯಾಗ ಹಾಕ್ಕೊಂಡು, "ಇದು ಮಾಂಸ ಅಲ್ಲ ಯವ್ವಾ, ಉಪ್ಪಿನ ಹಳ್ಳು" ಅಂದಿದ್ರು. ಈ ಅಡಗಿ ಪೂರಾ ಆ ಮಾತಿನ ಮ್ಯಾಲ ನಿಂತೈತಿ. 340 ಗ್ರಾಂ ಡಬ್ಬ್ಯಾಗ ಸುಮಾರು 12 ಗ್ರಾಂ ಉಪ್ಪು ಐತಿ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕ 5 ಗ್ರಾಂ ಒಳಗ ಇರಲಿ ಅಂತೈತಿ. ಹಿಂಗಾಗಿ ಮಟನ್ ಮಾಡಿದಂಗ ಇದರದ ಸಾರು ಮಾಡಾಕ ಹೋಗಬ್ಯಾಡ್ರಿ, ಸಾವಜಿ ಮಸಾಲಿ ಹಾಕಿ ಕುದಿಸಬ್ಯಾಡ್ರಿ. ಉಪ್ಪು, ಜಿಡ್ಡು ಎರಡೂ ಇದರಿಂದಾನ ಬರಲಿ. ಜತಿಗೆ ಸಪ್ಪನ್ನದು ಒಂದ ಇರಬೇಕು.

ಇದನ್ನ ಪ್ರೀತಿಲೆ ತಿನ್ನೋ ಊರವರು ಬಹಳ ಮಂದಿ ಹಿಂಗ ಮಾಡ್ಯಾರ. ಎರಡನೇ ಮಹಾಯುದ್ಧದಾಗ ಫ್ರಿಜ್ ಬೇಡದ ಮಾಂಸ ಅಂತ ಅಮೆರಿಕದ ಸೈನ್ಯ ಹೋದಲ್ಲೆಲ್ಲಾ ಈ ಡಬ್ಬಿ ಹೋತು. ಹವಾಯಿಯವರು ಹುರಿದ ಹೋಳನ್ನ ಅನ್ನದ ಮ್ಯಾಲ ಇಟ್ಟು ಸಮುದ್ರದ ಪಾಚಿ ಹಾಳಿ ಸುತ್ತಿ ಮುಸುಬಿ ಮಾಡಿದ್ರು. ಫಿಲಿಪೀನ್ಸ್‌ನವರು ಬಳ್ಳೊಳ್ಳಿ ಅನ್ನ, ತತ್ತಿ ಜೋಡಿ ನಾಷ್ಟಾಕ್ಕ ತಿಂತಾರ. ಕೊರಿಯಾದಾಗ ಯುದ್ಧ ಮುಗಿದ ಮ್ಯಾಲ ಮಾಂಸ ಸಿಗತಿದ್ದಿಲ್ಲ. ಸೈನ್ಯದ ಬೀಡಿನಿಂದ ಹೊರಗ ಬಂದ ಡಬ್ಬಿ ಮಾಂಸಾನ ಕಿಮ್ಚಿ (ಹುಳಿ ಬರಿಸಿದ ಖಾರದ ಎಲೆಕೋಸು) ಜತಿ ಕುದಿಸಿ ಬುದೆ ಜಿಗೆ ಅನ್ನೋ ಖಾರದ ಸಾರು ಮಾಡಿದ್ರು. ಈಗ ಅಲ್ಲಿ ಚುಸೊಕ್ ಸುಗ್ಗಿ ಹಬ್ಬಕ್ಕ ಸ್ಪ್ಯಾಮ್ ಡಬ್ಬಿಗಳನ್ನ ಚಂದದ ಪೆಟ್ಟಿಗ್ಯಾಗ ಇಟ್ಟು ಬೀಗರಿಗೆ, ಹಿರಿಯರಿಗೆ ಕಾಣಿಕಿ ಕೊಡ್ತಾರ. ಬ್ರಿಟನ್ನಿನಾಗ ಮಾಂಸದ ರೇಷನ್ 1954ರ ತನಕ ಇತ್ತು. ಡಬ್ಬಿ ತಿಂದು ತಿಂದು ಸಾಕಾದ ಆ ಜನಾನ 1970ರಾಗ ಬಿಬಿಸಿಯ ಮಾಂಟಿ ಪೈಥಾನ್ ತಂಡದವರು ನಗಿಸಿದ್ರು: ಖಾನಾವಳ್ಯಾಗ ಏನು ಕೇಳಿದ್ರೂ ಸ್ಪ್ಯಾಮ್. ಫೋನಿನಾಗ ಬರೋ ಬೇಡಾದ ಸಂದೇಶಕ್ಕ ಆ ಹೆಸರು ಬಂದದ್ದು ಅಲ್ಲಿಂದ. ನಮ್ಮ ಹುಡುಗರಿಗೆ ಸ್ಪ್ಯಾಮ್ ಅಂದ್ರ ಅಷ್ಟ ಗೊತ್ತು, ಅದಕ್ಕ ಡಬ್ಬಿ ನೋಡಿ ನಗ್ತಾರ. ಹಸಿದ ಮಂದಿ ಹೊಟ್ಟಿ ತುಂಬಿಸಿದ್ದನ್ನ ನೋಡಿ ನಗೋದು ನನಗ ಸೇರಂಗಿಲ್ಲ.

ನಾ ಹಿಡಿದದ್ದು ಓಕಿನಾವಾದ ದಾರಿ. 1945ರ ಕಾಳಗದಾಗ ಜಪಾನಿನ ಆ ದ್ವೀಪದಾಗ ಹಂದಿ ಸಂತತೀನ ಮುಗಿಯೋ ಹೊತ್ತು ಬಂದಿತ್ತು. ಹವಾಯಿಗೆ ವಲಸೆ ಹೋಗಿದ್ದ ಓಕಿನಾವಾದವರು ರೊಕ್ಕ ಕೂಡಿಸಿ 1948ರಾಗ 550 ಹಂದಿ ಹಡಗಿನಾಗ ಕಳಿಸಿದ್ರು. ಆ ಕೊರತಿ ಕಾಲದಾಗ ಡಬ್ಬಿ ಮಾಂಸ ಅವರ ಹಾಗಲಕಾಯಿ ಪಲ್ಯಾದಾಗ ಸೇರ್ತು, ಇವತ್ತಿಗೂ ಹೋಗಿಲ್ಲ. ಹಾಗಲಕಾಯಿ! ನಮ್ಮ ಸಂತ್ಯಾಗ ಸಿಗೋದ ಅದು.

ನಾಲ್ಕ ಮಂದಿಗೆ ಅರ್ಧ ಡಬ್ಬಿ ಸಾಕು. ಜತಿಗೆ ಕಾಲು ಕಿಲೋ ಹಾಗಲಕಾಯಿ, ದೊಡ್ಡದೊಂದು ಉಳ್ಳಾಗಡ್ಡಿ, ಆರೇಳು ಎಸಳು ಬಳ್ಳೊಳ್ಳಿ, ಮೂರು ತತ್ತಿ, ಅರ್ಧ ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ.

ಹಾಗಲಕಾಯಿ ಉದ್ದಕ್ಕ ಸೀಳಿ ಬೀಜ ತಗದು ತೆಳ್ಳಗ ಹೆಚ್ಚರಿ. ಕಹಿ ತಗ್ಯಾಕ ಉಪ್ಪು ತಿಕ್ಕಿ ಇಡೋ ರೂಢಿ ಇಲ್ಲಿ ಬ್ಯಾಡ. ಕುದಿಯೋ ನೀರಾಗ ಒಂದ ನಿಮಿಷ ಬಿಟ್ಟು ಬಸದು ಅರಬಿ ಮ್ಯಾಲ ಆರಾಕ ಹರವ್ರಿ. ಬೆಲ್ಲ, ಹುಣಸಿಹಣ್ಣೂ ಬ್ಯಾಡ. ಕಹಿ ಸ್ವಲ್ಪ ಉಳೀಬೇಕು, ಉಪ್ಪಿಗೆ ಅದ ಜೋಡಿ.

ಡಬ್ಬಿ ತಗದು ಬದಿಗುಂಟ ಚಾಕು ಆಡಿಸಿ ಬೋರಲ ಹಾಕ್ರಿ. ಸುತ್ತ ಇರೋ ಜೆಲ್ಲಿ ಕೆಟ್ಟದ್ದಲ್ಲ, ಮಾಂಸದ ರಸ ಗಟ್ಟಿ ಆದದ್ದು. ಕಿರುಬೆರಳು ದಪ್ಪ ಪಟ್ಟಿ ಮಾಡ್ರಿ. ಉಪ್ಪು ಕಮ್ಮಿ ಬೇಕಂದ್ರ ಬಿಸಿ ನೀರಾಗ ಎರಡ ನಿಮಿಷ ಇಟ್ಟು ಒರಸ್ರಿ. ಕಾದ ಕಬ್ಬಿಣದ ಹಂಚಿನ ಮ್ಯಾಲ ಎಣ್ಣಿ ಹಾಕಲಾರದ ಇಟ್ಟು, ಮಧ್ಯಮ ಉರಿಯಾಗ ಮುಟ್ಟಲಾರದ ಬಿಡ್ರಿ. ಎಲ್ಲಾರೂ ಅವಸರ ಮಾಡೋದು ಇಲ್ಲೇ. ತಳ ಕೆಂಪಾಗಿ ತಾನ ಬಿಟ್ಟುಕೊಂಡ ಮ್ಯಾಲ ತಿರುವ್ರಿ. ಅಂಚು ಗರಿಗರಿ ಆಗಬೇಕು, ಇಲ್ಲಾಂದ್ರ ಬಾಯಾಗ ಮೆತ್ತಗ ಅಂಟತೈತಿ.

ಮಾಂಸ ತಗದು, ಹಂಚಿನಾಗ ಉಳಿದ ಜಿಡ್ಡಿನಾಗ ಬಳ್ಳೊಳ್ಳಿ, ಉಳ್ಳಾಗಡ್ಡಿ, ಆಮ್ಯಾಲ ಹಾಗಲಕಾಯಿ ದೊಡ್ಡ ಉರಿಯಾಗ ಹುರೀರಿ. ಖಾರಪುಡಿ ಹಾಕಿ ಎರಡ ಸಲ ಕೈಯಾಡಿಸಿ, ಕಲಸಿದ ತತ್ತಿ ಹೊಯ್ಯರಿ. ತತ್ತಿ ಪೂರಾ ಒಣಗೂದ್ರಾಗ ಮಾಂಸ ಸೇರಿಸಿ, ಕೊತಂಬರಿ ಉದುರಿಸಿ ಇಳಿಸ್ರಿ. ಉಪ್ಪಿನ ಡಬ್ಬಿ ಕೈಯಾಗ ಹಿಡೀಬ್ಯಾಡ್ರಿ.

ಇದಕ್ಕ ಬಿಸಿ ಜೋಳದ ರೊಟ್ಟಿನ ಬೇಕು. ಖಡಕ್ ರೊಟ್ಟಿಗೂ ನಡೀತೈತಿ, ಚಪಾತಿಗೆ ಅಷ್ಟ ಹೊಂದಂಗಿಲ್ಲ. ಬದಿಗೆ ಗಟ್ಟಿ ಮೊಸರು, ಹಸಿ ಸೌತಿಕಾಯಿ ಇಡ್ರಿ. ಶೇಂಗಾ ಹಿಂಡಿ, ಉಪ್ಪಿನಕಾಯಿ ಅವತ್ತಿನ ಮಟ್ಟಿಗೆ ದೂರ ಇರಲಿ.

ದಿನಾ ಮಾಡೋ ಅಡಗಿ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಾಗ ಸಂಸ್ಕರಿಸಿದ ಮಾಂಸಾನ ಕ್ಯಾನ್ಸರಿಗೆ ಕಾರಣ ಆಗೋ ಪಟ್ಟಿಗೆ ಸೇರಿಸೈತಿ. ದಿನಾ 50 ಗ್ರಾಂ ತಿಂದ್ರ ದೊಡ್ಡ ಕರುಳಿನ ಕ್ಯಾನ್ಸರ್ ಬರೋ ಸಂಭವ ಸುಮಾರು 18 ಪ್ರತಿಶತ ಹೆಚ್ಚು ಅಂತ ಅವರ ಲೆಕ್ಕ. ಬಿಪಿ ಇದ್ದವರಿಗೆ ನಾನು ಬಡಸಂಗಿಲ್ಲ, ಎಷ್ಟ ಕೇಳಿದ್ರೂ.

ಉಳಿದ ಅರ್ಧಾನ ತಗಡಿನ ಡಬ್ಬ್ಯಾಗ ಬಿಡಬ್ಯಾಡ್ರಿ. ಗಾಜಿನ ಬಟ್ಟಲಕ್ಕ ಹಾಕಿ, ಮುಚ್ಚಿ, ಫ್ರಿಜ್‌ನಾಗ ಇಟ್ಟು ಮೂರ ದಿನದಾಗ ಮುಗಿಸ್ರಿ. ತಗೀಲಾರದ ಡಬ್ಬಿಗಳನ್ನ ಒಲಿಯಿಂದ ದೂರ, ತಂಪಿನ ಕಪಾಟಿನಾಗ ಇಡ್ರಿ, ಏಪ್ರಿಲ್-ಮೇ ಬಿಸಲಾಗಂತೂ ತಪ್ಪಲಾರದ.