ಎರಡು ಕೊಂಬು ಕೊಯ್ದು ಒಂದು ಕೊಂಬು ಕಟ್ಟಿದ್ದು

ನನ್ನ ಮೇಜಿನ ಮೇಲೆ ನಿಂತಿರುವ ರಾಜಾಸಾರಸ್ ಮನೆಗೆ ಬಂದಾಗ ಕಾರ್ನೊಟಾರಸ್ ಆಗಿತ್ತು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಆಟಿಕೆ ಸಾಮಾನಿನ ಅಂಗಡಿಯೊಂದರಲ್ಲಿ ಅದನ್ನು ಕೊಂಡಿದ್ದೆ. ಮೂತಿಯಿಂದ ಬಾಲದ ತುದಿಯವರೆಗೆ 22 ಸೆಂಟಿಮೀಟರ್ ಉದ್ದ, ಮೈಗೆಲ್ಲ ಒಂದೇ ಕೆಂಪು, ಬೆನ್ನ ಮೇಲೆ ಕರಿ ಪಟ್ಟೆ, ಎರಡೂ ಕಣ್ಣುಗಳ ಮೇಲೆ ಒಂದೊಂದು ಕೊಂಬು. ನಾನು ಧಾರವಾಡದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಆರು ವರ್ಷಗಳಿಂದ ರಜೆಯ ದಿನಗಳಲ್ಲಿ ಇಂಥ ಪ್ಲಾಸ್ಟಿಕ್ ಡೈನೋಸಾರ್‌ಗಳ ಅಂಗಾಂಗಗಳನ್ನು ತಿದ್ದಿ, ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಹಚ್ಚುತ್ತ ಬಂದಿದ್ದೇನೆ. ಇದುವರೆಗೆ ಮಾಡಿದ ಹದಿನಾಲ್ಕರಲ್ಲಿ ಈ ರಾಜಾಸಾರಸ್ ನನಗೆ ಹೆಚ್ಚು ಕಲಿಸಿದ್ದರಿಂದ ಅದನ್ನು ಮಾಡಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಕಾರಣವಾದದ್ದು ನನ್ನ ಅಣ್ಣನ ಮಗಳ ಒಂದು ಪ್ರಶ್ನೆ. "ಕಾಕಾ, ನಮ್ಮ ಧಾರವಾಡದಾಗ ಡೈನೋಸಾರ್ ಇದ್ದುವೇನು?" ಎಂದು ಅವಳು ಕೇಳಿದಾಗ ನಾನು ಕಲ್ಲಿನಿಂದಲೇ ಉತ್ತರ ಆರಂಭಿಸಬೇಕಾಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ನಮ್ಮ ಊರಿನ ಹೆಸರನ್ನೇ ಇಟ್ಟ ಧಾರವಾಡ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗಿಂತ ಹಳೆಯವು. ಮೊದಲ ಡೈನೋಸಾರ್ ಹುಟ್ಟಿದ್ದು ಸುಮಾರು ಇಪ್ಪತ್ಮೂರು ಕೋಟಿ ವರ್ಷಗಳ ಹಿಂದೆ. ಆದ್ದರಿಂದ ಅವು ಈ ನೆಲದ ಮೇಲೆ ಓಡಾಡಿದ್ದರೂ ಇಲ್ಲಿಯ ಕಲ್ಲಿನಲ್ಲಿ ಅವುಗಳ ಎಲುಬು ಸಿಕ್ಕುವುದಿಲ್ಲ. ಆದರೆ ಗುಜರಾತಿನ ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ ಶ್ರೀವಾಸ್ತವ ಅವರು 1980ರ ದಶಕದ ಆರಂಭದಲ್ಲಿ ಸಂಗ್ರಹಿಸಿದ ಎಲುಬುಗಳಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರು ಬಂತು. ಅದರ ಬೊಂಬೆ ನನಗೆ ನಮ್ಮ ಕಡೆಯ ಯಾವ ಅಂಗಡಿಯಲ್ಲಿಯೂ ಸಿಗಲಿಲ್ಲ. ಅರ್ಜೆಂಟೀನಾದ ಕಾರ್ನೊಟಾರಸ್ ಮಾತ್ರ ಎಲ್ಲೆಡೆ ಇತ್ತು. ಎರಡೂ ಅಬೆಲಿಸಾರಿಡ್ ಎಂಬ ಒಂದೇ ಮನೆತನಕ್ಕೆ ಸೇರಿದವು. ಹೀಗಾಗಿ ಒಂದನ್ನು ಇನ್ನೊಂದಾಗಿ ಮಾಡಬಹುದೆಂಬ ಧೈರ್ಯ ಬಂತು.

ಮೊದಲು ಎರಡರ ನಡುವಿನ ವ್ಯತ್ಯಾಸಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಕಾರ್ನೊಟಾರಸ್‌ಗೆ ಹುಬ್ಬಿನ ಮೇಲೆ ಎರಡು ಗಟ್ಟಿ ಕೊಂಬುಗಳಿದ್ದರೆ, ರಾಜಾಸಾರಸ್‌ಗೆ ಹಣೆಯ ನಡುವೆ ಗಿಡ್ಡನೆಯ, ದುಂಡಾದ ಒಂದೇ ಕೊಂಬು ಇತ್ತು. ಕಾರ್ನೊಟಾರಸ್ ಕಾಲು ಸಪೂರ, ರಾಜಾಸಾರಸ್ ಕಾಲು ಗಿಡ್ಡ ಮತ್ತು ದಪ್ಪ. ರಾಜಾಸಾರಸ್‌ನ ತಲೆಬುರುಡೆಯ ಹಿಂಭಾಗ, ಬೆನ್ನುಮೂಳೆ, ಸೊಂಟ, ಹಿಂಗಾಲು ಮತ್ತು ಬಾಲದ ಭಾಗಗಳು ಸಿಕ್ಕಿವೆಯೇ ಹೊರತು ಚರ್ಮದ ಗುರುತು ಸಿಕ್ಕಿಲ್ಲ. ಆ ಜಾಗವನ್ನು ಸಂಬಂಧಿಕನಿಂದ ತುಂಬಿಕೊಳ್ಳಬೇಕು. 1985ರಲ್ಲಿ ಹೊಸೆ ಬೊನಾಪಾರ್ಟೆ ಅವರು ಹೆಸರಿಟ್ಟ ಕಾರ್ನೊಟಾರಸ್‌ನ ಚರ್ಮದ ಅಚ್ಚು ಕಲ್ಲಿನಲ್ಲಿ ಉಳಿದಿರುವುದು ನನ್ನಂಥವನಿಗೆ ದೊಡ್ಡ ಭಾಗ್ಯ. ಸಣ್ಣ ಹುರುಪೆಗಳ ನಡುವೆ ಎರಡರಿಂದ ಆರೂವರೆ ಸೆಂಟಿಮೀಟರ್ ಅಗಲದ ದೊಡ್ಡ ಉಬ್ಬುಗಳು ಅದರಲ್ಲಿವೆ. ಅವು ಸಾಲಾಗಿದ್ದವೆಂದು ಬಹುಕಾಲ ಚಿತ್ರಿಸುತ್ತಿದ್ದರು. 2021ರ ಅಧ್ಯಯನವೊಂದು ಅವು ಸಾಲಿನಲ್ಲಿರದೆ ಅಲ್ಲಲ್ಲಿ ಚದುರಿದ್ದವೆಂದು ತೋರಿಸಿತು. ನನ್ನ ಬೊಂಬೆಯಲ್ಲಿ ಅವು ಅಂಗಿಯ ಗುಂಡಿಗಳಂತೆ ಸಾಲಾಗಿ ನಿಂತಿದ್ದವು.

ಕತ್ತರಿಸುವ ಕೆಲಸಕ್ಕೆ ಮೊದಲು ಬೊಂಬೆಯನ್ನು ಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದು ತಿಕ್ಕಿ ತೊಳೆದೆ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದರೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಅದರ ಬಲಗಾಲು ಒಳಗೆ ಬಾಗಿ ಬೊಂಬೆ ಒಂದು ಬದಿಗೆ ವಾಲುತ್ತಿತ್ತು. ಕುದಿದು ಇಳಿಸಿದ ನೀರಿನಲ್ಲಿ ಕಾಲನ್ನು ಎರಡು ನಿಮಿಷ ಮುಳುಗಿಸಿ, ಮೆತ್ತಗಾದಾಗ ನೆಟ್ಟಗೆ ಮಾಡಿ, ಹಾಗೆಯೇ ಹಿಡಿದುಕೊಂಡು ತಣ್ಣೀರಿನ ಬೋಗುಣಿಗೆ ಇಳಿಸಿದೆ. ಪಿವಿಸಿ ಬೊಂಬೆಗಳ ದೊಡ್ಡ ಅನುಕೂಲ ಇದು. ಒಳಗೆ ಪೊಳ್ಳಿರುವ ಬೊಂಬೆಯಾದರೆ ಹೊಟ್ಟೆಯ ಕೆಳಗೆ ಸೂಜಿಯಷ್ಟು ತೂತು ಮಾಡಿ ನೀರನ್ನು ಹೊರಗೆ ಹರಿಸಬೇಕು, ಇಲ್ಲದಿದ್ದರೆ ವಾರಗಳ ನಂತರವೂ ಒಳಗೆ ತೇವ ಉಳಿಯುತ್ತದೆ.

ಕೊಂಬುಗಳನ್ನು ಹೊಸ ಬ್ಲೇಡಿನಿಂದ ಕೊಯ್ದು, ಆ ಜಾಗವನ್ನು 220 ನಂಬರಿನ ಪಾಲಿಶ್ ಪೇಪರ್‌ನಿಂದ ನೀರು ಹಾಕುತ್ತಲೇ ಉಜ್ಜಿದೆ. ಒಣದಾಗಿ ಉಜ್ಜಿದರೆ ಪ್ಲಾಸ್ಟಿಕ್ ಧೂಳು ಮೂಗಿಗೆ ಹೋಗುತ್ತದೆ. ಹೊಸ ಕೊಂಬಿಗೆ ಎಂ-ಸೀಲ್ ಬಳಸಿದೆ. ನಲ್ಲಿಯ ಸೋರಿಕೆ ನಿಲ್ಲಿಸಲು ಪ್ರತಿ ಮನೆಯಲ್ಲಿಯೂ ಇರುವ ಈ ಎರಡು ತುಂಡಿನ ಮೆತ್ತೆಯನ್ನು ಸಮಪ್ರಮಾಣದಲ್ಲಿ ತೆಗೆದುಕೊಂಡು, ಬೇರೆ ಬೇರೆ ಬಣ್ಣದ ಗೆರೆ ಒಂದೂ ಕಾಣದಂತೆ ನಾದಬೇಕು. ಕೈಗವಸು ಹಾಕಿಕೊಳ್ಳುವುದನ್ನು ಮರೆಯಬಾರದು. ಅದಕ್ಕೂ ಮೊದಲು ಹಣೆಯಲ್ಲಿ ಸಣ್ಣ ತೂತು ಕೊರೆದು ತಾಮ್ರದ ತಂತಿಯ ತುಣುಕನ್ನು ಫೆವಿಕ್ವಿಕ್ ಹಾಕಿ ನೆಟ್ಟೆ. ಮೆತ್ತೆಗೆ ಹಿಡಿಯಲು ಎಲುಬಿನಂಥ ಆಧಾರ ಬೇಕೇಬೇಕು. ಬರೀ ಪ್ಲಾಸ್ಟಿಕ್ ಮೇಲೆ ಕೂರಿಸಿದ ಕೊಂಬು ಆರು ತಿಂಗಳಲ್ಲಿ ಕಳಚಿ ಬೀಳುವುದನ್ನು ಬೇರೊಂದು ಬೊಂಬೆಯಲ್ಲಿ ನೋಡಿದ್ದೇನೆ.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಎತ್ತು ಮಾಡಿ ಬೆಳೆದವರಿಗೆ ಕೊಂಬು ಕೂರಿಸುವುದು ಕೈಗೆ ಬಂದ ಕೆಲಸ. ಅಲ್ಲಿ ಕಲಿತದ್ದೇ ಇಲ್ಲಿಯೂ ನೆರವಾಯಿತು: ಬುಡವನ್ನು ದಪ್ಪಗೆ ಹಿಡಿದು, ಹೆಬ್ಬೆರಳನ್ನು ಒದ್ದೆ ಮಾಡಿಕೊಂಡು ಕೆಳಗಿನಿಂದ ಮೇಲಕ್ಕೆ ಸವರಿದರೆ ತಲೆಗೂ ಕೊಂಬಿಗೂ ನಡುವಿನ ಬೆಸುಗೆ ಕಾಣದೆ ಹೋಗುತ್ತದೆ. ಉಳಿದ ಮೆತ್ತೆಯಿಂದ ಮೀನಖಂಡಗಳನ್ನು ಒಂದಿಷ್ಟು ದಪ್ಪಗೆ ಮಾಡಿದೆ. ಸಾಲುಗಟ್ಟಿದ್ದ ಉಬ್ಬುಗಳನ್ನು ಹೆರೆದು ತೆಗೆದು, ಸಾಸಿವೆ ಕಾಳಿನಷ್ಟು ಉಂಡೆಗಳನ್ನು ಮಾಡಿ ಒಂದೊಂದನ್ನೇ ಸೂಜಿಯ ಮೊನೆಯಿಂದ ಎತ್ತಿ ಪಕ್ಕೆಯ ಮೇಲೆ ಕೂರಿಸಿದೆ. ನಿಜವಾದ ಪ್ರಾಣಿ ಏಳು ಮೀಟರಿನ ಆಸುಪಾಸಿನದೆಂದು ಹಿಡಿದರೆ ನನ್ನದು ಮೂವತ್ತರಲ್ಲೊಂದು ಪಾಲು. ಆರು ಸೆಂಟಿಮೀಟರಿನ ಉಬ್ಬು ಇಲ್ಲಿ ಎರಡು ಮಿಲಿಮೀಟರ್ ಆಗುತ್ತದೆ, ಸಾಸಿವೆಯ ಅಳತೆ ಬಂದದ್ದು ಹಾಗೆ. ಚದುರಿದಂತೆ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ಕೈ ತನಗೆ ಗೊತ್ತಿಲ್ಲದೆ ಮತ್ತೆ ಸಾಲು ಕಟ್ಟುತ್ತದೆ. ಕೊನೆಗೆ ಕಾಗದದ ಮೇಲೆ ಸಾಸಿವೆ ಚೆಲ್ಲಿ, ಅದು ಬಿದ್ದ ಹಾಗೆಯೇ ನೋಡಿಕೊಂಡು ಕೂರಿಸಿದೆ. ನಾಲ್ಕು ಸಂಜೆಗಳಲ್ಲಿ ಎರಡೂ ಪಕ್ಕೆ ಸೇರಿ ನೂರಾ ಹತ್ತು ಉಬ್ಬುಗಳಾದವು.

ಬಣ್ಣದ ವಿಷಯದಲ್ಲಿ ನಾನು ಮೊದಲ ವರ್ಷ ಮಾಡಿದ ತಪ್ಪನ್ನು ಹೇಳಲೇಬೇಕು. ಗಾಡಿಗಳಿಗೆ ಹೊಡೆಯುವ ಸ್ಪ್ರೇ ಬಣ್ಣವನ್ನು ಮೆತ್ತನೆಯ ಪಿವಿಸಿ ಬೊಂಬೆಯ ಮೇಲೆ ಹೊಡೆದಿದ್ದೆ. ಎರಡು ತಿಂಗಳಾದರೂ ಅದು ಒಣಗಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು, ಸುತ್ತಿಟ್ಟ ವೃತ್ತಪತ್ರಿಕೆಯ ಅಕ್ಷರಗಳು ಅದರ ಮೈಮೇಲೆ ಮೂಡಿದವು. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ದ್ರವ್ಯವೂ ಬಣ್ಣದಲ್ಲಿರುವ ದ್ರಾವಕವೂ ಸೇರಿ ಬಣ್ಣವನ್ನು ಗಟ್ಟಿಯಾಗಲು ಬಿಡುವುದಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣಗಳನ್ನು ಮಾತ್ರ ಬಳಸುತ್ತೇನೆ. ಸುಭಾಸ ರಸ್ತೆಯ ಸ್ಟೇಶನರಿ ಅಂಗಡಿಗಳಲ್ಲಿ ಸಿಗುವ ಫೆವಿಕ್ರಿಲ್ ಮತ್ತು ಕ್ಯಾಮಲ್ ಬಣ್ಣಗಳೇ ಸಾಕು. ಹಾಲಿನಷ್ಟು ತೆಳುವಾಗಿ ಕದಡಿ ಮೂರು ನಾಲ್ಕು ಪದರ ಹಚ್ಚಿದರೆ ಚರ್ಮದ ಹುರುಪೆ ಮುಚ್ಚಿಹೋಗುವುದಿಲ್ಲ. ದಪ್ಪಗೆ ಒಂದೇ ಸಲ ಹಚ್ಚಿದರೆ ನಾಲ್ಕು ಸಂಜೆಯ ಸಾಸಿವೆ ಕೆಲಸ ಮಣ್ಣುಪಾಲಾಗುತ್ತದೆ.

ಯಾವ ಬಣ್ಣ ಹಚ್ಚಬೇಕೆಂಬ ಪ್ರಶ್ನೆ ನನ್ನನ್ನು ಮೂರು ವಾರ ಕಾಡಿತು. ರಾಜಾಸಾರಸ್ ಬಣ್ಣ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಏನು ಹಚ್ಚಿದರೂ ನಡೆಯುತ್ತದೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಊಹೆಗೂ ಕಾರಣ ಇರಬೇಕು. 2010ರಲ್ಲಿ ಸೈನೊಸಾರಾಪ್ಟೆರಿಕ್ಸ್ ಎಂಬ ಡೈನೋಸಾರ್‌ನ ಗರಿಗಳಲ್ಲಿ ಉಳಿದ ಬಣ್ಣದ ಕಣಗಳಿಂದ ಅದರ ಬಾಲಕ್ಕೆ ಕಂದುಗೆಂಪು ಮತ್ತು ಬಿಳಿ ಪಟ್ಟೆಗಳಿದ್ದವೆಂದು ಗೊತ್ತಾಯಿತು. 2016ರಲ್ಲಿ ಸಿಟಕೊಸಾರಸ್ ಎಂಬ ಇನ್ನೊಂದು ಡೈನೋಸಾರ್‌ನ ಚರ್ಮವನ್ನು ಪರೀಕ್ಷಿಸಿದವರು ಅದರ ಬೆನ್ನು ಗಾಢವಾಗಿ, ಹೊಟ್ಟೆ ತಿಳಿಯಾಗಿ ಇತ್ತೆಂದೂ ಆ ಎರಡರ ನಡುವಿನ ಇಳಿತ ಮೆಲ್ಲಗೆ ಆಗಿದ್ದರಿಂದ ಅದು ಮರಗಳ ಮಬ್ಬು ಬೆಳಕಿನಲ್ಲಿ ಬದುಕಿರಬೇಕೆಂದೂ ತೋರಿಸಿದರು. ಬಯಲಿನ ಪ್ರಾಣಿಗಳಲ್ಲಿ ಮಾತ್ರ ಈ ಗಡಿ ಚೊಕ್ಕವಾಗಿ, ಪಕ್ಕೆಯ ಮೇಲ್ಗಡೆಗೆ ಇರುತ್ತದೆ.

ಇದನ್ನು ಓದಿದ ಮೇಲೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ಒಂದು ಬೆಳಗು ಮತ್ತು ಒಂದು ಮಧ್ಯಾಹ್ನ ಕಳೆದೆ. ಹೆಣ್ಣುಮೃಗದ ಬೆನ್ನು ಒಣಹುಲ್ಲಿನ ಬಣ್ಣ, ಹೊಟ್ಟೆ ಬಿಳಿ, ನಡುವೆ ಕೊಯ್ದಂತೆ ಗೆರೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಬೆನ್ನಿಗೆ ಬೆಳಕು, ಹೊಟ್ಟೆಗೆ ನೆರಳು ಬಿದ್ದು ಎರಡೂ ಸರಿಸಮವಾಗಿ, ಪ್ರಾಣಿ ಚಪ್ಪಟೆಯಾಗಿ ಹುಲ್ಲಿನಲ್ಲಿ ಕರಗಿತು. ರಾಜಾಸಾರಸ್ ಎಲುಬು ಸಿಕ್ಕ ಲಮೇಟಾ ಎಂಬ ಶಿಲಾಪದರಗಳ ಕಾಲದ ನೆಲವೂ ಅರೆಒಣ ಪ್ರದೇಶವಾಗಿತ್ತು. ಹೀಗಾಗಿ ನನ್ನ ಪ್ರಾಣಿಗೂ ಅಂಥದೇ ಚೊಕ್ಕ ಗಡಿ ಕೊಡಲು ನಿರ್ಧರಿಸಿದೆ. ಬೆನ್ನಿಗೆ ನಮ್ಮ ಮಸಾರಿ ಮಣ್ಣಿನ ಕೆಂಪಿಗೆ ಒಂದಿಷ್ಟು ಎರೆಯ ಕಪ್ಪು ಬೆರೆಸಿದ ಬಣ್ಣ, ಹೊಟ್ಟೆಗೆ ಜೋಳದ ಹಿಟ್ಟಿನ ಬಿಳಿ. ಕೊಂಬಿಗೆ ಮಾತ್ರ ಕೆಂಪು ಹಚ್ಚಿದೆ. ಮಳೆಗಾಲಕ್ಕೆ ಮುಂಚೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಗಂಡು ಓತಿಕ್ಯಾತ ತಲೆ ಮತ್ತು ಗಂಟಲನ್ನು ಕೆಂಪಗೆ ಮಾಡಿಕೊಂಡು ತಲೆ ಆಡಿಸುವುದನ್ನು ನೋಡಿದವರಿಗೆ ಆ ಕೆಂಪಿನ ಕಾರಣ ಬೇರೆ ಹೇಳಬೇಕಿಲ್ಲ.

ಮೂಲ ಬಣ್ಣ ಒಣಗಿದ ಮೇಲೆ ಗಾಢ ಕಂದು ಬಣ್ಣವನ್ನು ನೀರಿನಂತೆ ತೆಳು ಮಾಡಿ, ಅದಕ್ಕೆ ಒಂದು ಹನಿ ಸೋಪು ಸೇರಿಸಿ ಮೈಮೇಲೆಲ್ಲ ಹರಿಸಿದೆ. ಸೋಪಿದ್ದರೆ ಬಣ್ಣ ಹನಿಗಟ್ಟದೆ ಸಂದುಗಳಿಗೆ ಇಳಿಯುತ್ತದೆ. ಬಳಿಕ ಒಣ ಬ್ರಶ್ಶಿನ ಕೆಲಸ: ತಿಳಿ ಬಣ್ಣದಲ್ಲಿ ಅದ್ದಿದ ಬ್ರಶ್ಶನ್ನು ಹಳೆಯ ಧೋತರದ ತುಂಡಿಗೆ ಒರೆಸಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎಂಬಷ್ಟಾದಾಗ ಉಬ್ಬುಗಳ ಮೇಲೆ ಸವರಬೇಕು. ಪ್ರತಿಯೊಂದು ಸಾಸಿವೆಯ ನೆತ್ತಿಯೂ ಬೆಳಗುತ್ತದೆ. ಈ ಹಂತದಲ್ಲಿ ಬೊಂಬೆಯನ್ನು ಗಣಪತಿ ಮೂರ್ತಿಗಳಿಗೆ ಬಣ್ಣ ಹಚ್ಚುವ ಹಿರಿಯ ಚಿತ್ರಗಾರರೊಬ್ಬರಿಗೆ ತೋರಿಸಿದೆ. ಅವರು ಅದನ್ನು ಕಿಟಕಿಯ ಹತ್ತಿರ ಹಿಡಿದು ತಿರುಗಿಸಿ, "ಸರ, ಕಣ್ಣು ಕಡೀಕ ಬರೀರಿ. ಮೊದಲ ಬರದ್ರ ನಿಮ್ಮ ಕೈ ಅಂಜತೈತಿ" ಎಂದರು. ಅವರು ಹೇಳಿದಂತೆಯೇ ಮಾಡಿದೆ. ಸೊನ್ನೆ ನಂಬರಿನ ಬ್ರಶ್ಶಿನಿಂದ ಜೇನಿನ ಬಣ್ಣ, ಅದರೊಳಗೆ ಕಪ್ಪು ಪಾಪೆ. ಹಲವರು ಕಣ್ಣಿನಲ್ಲಿ ಬಿಳಿ ಚುಕ್ಕೆ ಇಡುತ್ತಾರೆ, ನಾನು ಇಡುವುದಿಲ್ಲ. ಬರೆದ ಹೊಳಪು ಬೊಂಬೆ ತಿರುಗಿದರೂ ಅಲ್ಲಿಯೇ ಇರುತ್ತದೆ. ಕಣ್ಣಿಗೆ ಮಾತ್ರ ಹೊಳಪಿನ ವಾರ್ನಿಶ್ ಒಂದು ಹನಿ ಬಿಟ್ಟರೆ ಬೆಳಕು ಎಲ್ಲಿಂದ ಬಂದರೂ ಕಣ್ಣು ಅದನ್ನು ತಾನೇ ಹಿಡಿಯುತ್ತದೆ.

ಮೈಗೆ ಹೊಳಪಿಲ್ಲದ ಸ್ಪ್ರೇ ವಾರ್ನಿಶ್ ಹೊಡೆದದ್ದು ಜುಲೈ ತಿಂಗಳಲ್ಲಿ, ಅದು ನನ್ನ ಅವಸರ. ಧಾರವಾಡದ ಜಿಟಿಜಿಟಿ ಮಳೆಯ ತೇವಕ್ಕೆ ಬೆನ್ನಿನ ಮೇಲೆ ಬೂದಿ ಚೆಲ್ಲಿದಂತೆ ಬಿಳುಪು ಕೂತಿತು. ಮೂರು ತಿಂಗಳ ಕೆಲಸ ಹಾಳಾಯಿತೆಂದು ಆ ರಾತ್ರಿ ನಿದ್ದೆ ಬರಲಿಲ್ಲ. ಬಿಸಿಲು ಬಿದ್ದ ಒಂದು ದಿನ ಹೊಳಪಿನ ವಾರ್ನಿಶ್ಶನ್ನು ಬ್ರಶ್ಶಿನಿಂದ ತೆಳ್ಳಗೆ ಹಚ್ಚಿದಾಗ ಬಿಳುಪು ಬಹುಮಟ್ಟಿಗೆ ಇಳಿಯಿತು. ದಸರೆಯ ನಂತರ ಗಾಳಿ ಒಣಗಿದ ಮೇಲೆ ಅದರ ಮೇಲೆ ಮತ್ತೆ ಹೊಳಪಿಲ್ಲದ ವಾರ್ನಿಶ್ ಹಚ್ಚಿದೆ. ಬಾಲದ ಬುಡದಲ್ಲಿ ಒಂದು ಬೆರಳಗಲ ಬಿಳುಪು ಇಂದಿಗೂ ಇದೆ.

ಈಗ ಐಸಿಸಾರಸ್ ಕೆಲಸ ಹಿಡಿದಿದ್ದೇನೆ. ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕ ಈ ಸಸ್ಯಾಹಾರಿಯ ಹೆಸರು ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐಎಸ್‌ಐ) ಹೆಸರಿನಿಂದ ಬಂದದ್ದು. ಅದರ ಕತ್ತು ಗಿಡ್ಡ, ಮುಂಗಾಲು ಉದ್ದ. ತಂದ ಬೊಂಬೆಯ ಕತ್ತಿನಲ್ಲಿ ನಾಲ್ಕು ಸೆಂಟಿಮೀಟರ್ ಕೊಯ್ದು ತೆಗೆದು ತಂತಿಯಿಂದ ಕೂಡಿಸಿಟ್ಟಿದ್ದೇನೆ. ಮುಂಗಾಲಿಗೆ ಮೆತ್ತೆ ಕಟ್ಟುವುದು ಈ ಭಾನುವಾರ.