85 ಸೆಂಟಿಮೀಟರ್ ದಾಟುವ ಮುಂಚೆ

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳಿವೆ. ಮಗಳು ನಿಲ್ಲೋಕೆ ಕಲಿತ ಮೇಲೆ ನಾನು ಹಾಕುತ್ತಾ ಬಂದದ್ದು. ಅವುಗಳ ಮಧ್ಯೆ ಕೆಂಪು ಸ್ಕೆಚ್ ಪೆನ್ನಿನ ಗೆರೆಯೊಂದಿದೆ. ಅದನ್ನು ಹಾಕಿಸಿದವರು ನಮ್ಮ ಅತ್ತೆ. ನೆಲದಿಂದ ಸರಿಯಾಗಿ 85 ಸೆಂಟಿಮೀಟರ್. ಬಿಡದಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ, 85ಕ್ಕಿಂತ ಕಡಿಮೆ ಇದ್ದರೆ ಪುಕ್ಕಟೆ ಅಂತ ಬೆಂಗಳೂರಿನ ನಾದಿನಿ ಫೋನಿನಲ್ಲಿ ಹೇಳಿದ್ದೇ ತಡ, ಅತ್ತೆಗೆ ಆ ಗೆರೆಯದೇ ಧ್ಯಾನ.

"ಕೂಸು ಗೆರಿ ದಾಟೋದ್ರೊಳಗೆ ಹೋಗ್ಬಂದ್ಬಿಡ್ರವ್ವಾ. ಆಮೇಲೆ ಸುಮ್ನೆ ರೊಕ್ಕ ದಂಡ."

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರ್. ಲೆಕ್ಕ ಹಾಕದೆ ಯಾವುದಕ್ಕೂ ಹೂಂ ಅನ್ನುವವಳಲ್ಲ, ಮನೆಯವರಿಗೆ ಇದೇ ಬೇಜಾರು. ಒಂದು ವರ್ಷದ ಮಗು ಸುಮಾರು 75 ಸೆಂಟಿಮೀಟರ್ ಇರುತ್ತದೆ, ಎರಡು ವರ್ಷಕ್ಕೆ 86ರ ಆಸುಪಾಸು. ಅಂದರೆ ಹೆಚ್ಚುಕಡಿಮೆ ಎರಡು ವರ್ಷ ಪುಕ್ಕಟೆ. ಆದರೆ ದೊಡ್ಡವರ ಟಿಕೆಟ್ ತಲೆಗೆ ಸಾವಿರದ ಮೇಲೆ. ಜೋರಾಗಿ ತಿರುಗುವ, ಮೇಲಿಂದ ಬೀಳಿಸುವ ಆಟಗಳಿಗೆಲ್ಲ ಎತ್ತರ ಇಷ್ಟಿರಬೇಕು ಅಂತ ಬೋರ್ಡ್ ಇರುತ್ತದೆ. ಕಂಕುಳಲ್ಲಿ ಕೂಸಿದ್ದರೆ ಒಬ್ಬರು ಆಡುವಾಗ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಕೂಸಿಗೆ ಪುಕ್ಕಟೆ ಸಿಕ್ಕಿದ್ದರ ಬಾಬ್ತು ನಮ್ಮ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಅತ್ತೆಯ ಗೆರೆ ನನಗೆ ಕೊನೆಯ ದಿನಾಂಕ ಮಾತ್ರ ಹೇಳುತ್ತಿತ್ತು, ಮೊದಲ ದಿನಾಂಕ ನಾನೇ ಹುಡುಕಬೇಕಿತ್ತು.

ಮೊದಲ ಕರೆ ಬಂದದ್ದು 2023ರ ದಸರಾ ರಜೆಯಲ್ಲಿ. ನಾದಿನಿಯ ಮಗನ ಹುಟ್ಟುಹಬ್ಬ, ಎಲ್ಲರೂ ಸೇರಿ ಹೋಗೋಣ ಅಂತ. ನಮ್ಮವಳಿಗೆ ಆಗ ನಾಲ್ಕು ತಿಂಗಳು. ಕತ್ತು ಆಗಷ್ಟೇ ನಿಂತಿತ್ತು, ಎದೆಹಾಲು ಬಿಟ್ಟು ಬೇರೇನೂ ಇಲ್ಲ, ಅದೂ ಎರಡು ಎರಡೂವರೆ ಗಂಟೆಗೊಮ್ಮೆ. ಆರು ತಿಂಗಳೊಳಗಿನ ಮಗುವಿಗೆ ಬಿಸಿಲಿನ ಕ್ರೀಮು ಹಚ್ಚುವ ಹಾಗಿಲ್ಲ, ನೆರಳೇ ಗತಿ. ತಾಯಿ ಕಾರ್ಡ್ ತೆಗೆದು ನೋಡಿದರೆ ದಡಾರದ ಸೂಜಿ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಾಗುವ ಮುಂಚೆ ಸಾವಿರಾರು ಮಕ್ಕಳ ಗುಂಪಿನಲ್ಲಿ ತಿರುಗಿಸಲು ನನಗೆ ಮನಸ್ಸಿಲ್ಲ. ಈ ಒಂದು ಸಲ ಅತ್ತೆಯೂ ನನ್ನ ಪರ. ಮುಗಿಯಿತು ಮಾತು.

ನಿಜವಾದ ಪರೀಕ್ಷೆ ನಡೆದದ್ದು ನಮ್ಮೂರಲ್ಲೇ, 2024ರ ದುಗ್ಗಮ್ಮನ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆಯ ಮೊದಲ ಕೂಸು, ದರ್ಶನ ಮಾಡಿಸದೆ ಬಿಡ್ತಾರಾ? ಅವಳಿಗೆ ಒಂಬತ್ತು ತಿಂಗಳು ಮುಗಿದು ದಡಾರದ ಸೂಜಿಯೂ ಆಗಿತ್ತು. ನಾನು ಶಾಲೆ ಮುಗಿಸಿ, ಮನೆಯವರು ಅಂಗಡಿ ಬಾಗಿಲು ಹಾಕಿ, ಎಲ್ಲ ಹೊರಡುವ ಹೊತ್ತಿಗೆ ರಾತ್ರಿ ಏಳೂವರೆ. ದರ್ಶನ ಚೆನ್ನಾಗೇ ಆಯಿತು. ಆಮೇಲೆ ಜೈಂಟ್ ವೀಲ್ ಕಡೆ ಹೋದೆವು. ಕೊಲಂಬಸ್ ದೋಣಿ ಒಂದು ಕಡೆ, ಗಿಲಿಗಿಲಿ ದೀಪ ಒಂದು ಕಡೆ, ಒಂದೊಂದು ಆಟಕ್ಕೂ ಒಂದೊಂದು ಸ್ಪೀಕರು, ಒಂದೊಂದರಲ್ಲೂ ಬೇರೆ ಹಾಡು. ಮಗಳು ಮೊದಲು ಕಣ್ಣರಳಿಸಿದಳು. ಎರಡು ನಿಮಿಷ ಆಗಿರಬೇಕು, ಮೈ ಸೆಟೆದುಕೊಂಡಳು. ಗುರುತಿಲ್ಲದ ಅಜ್ಜಿಯೊಬ್ಬರು ಪ್ರೀತಿಯಿಂದ ಕೆನ್ನೆ ಚಿವುಟಿದ್ದೇ ನೆಪ, ಶುರುವಾಯಿತು. ಅಂಥ ಅಳು ನಾನು ಕೇಳಿಯೇ ಇರಲಿಲ್ಲ. ಕುಡಿದ ಹಾಲೆಲ್ಲ ನನ್ನ ಹೆಗಲ ಮೇಲೆ. ಆ ಜನಜಂಗುಳಿಯಿಂದ ಆಟೋ ಸಿಗುವ ತನಕ ನಡೆದು ಬರಲು ಅರ್ಧ ಗಂಟೆ, ಅಷ್ಟು ಹೊತ್ತೂ ಅತ್ತಳು. ರಾತ್ರಿ ನಾಲ್ಕು ಸಲ ಬೆಚ್ಚಿ ಎದ್ದಳು. ಅತ್ತೆ ದೃಷ್ಟಿ ತೆಗೆದರು. ಮನೆಯವರು, "ಇವಳಿಗೆ ಇನ್ನೊಂದು ಮೂರು ವರ್ಷ ಜಾತ್ರೆನೂ ಬೇಡ, ವಂಡರ್‌ಲಾನೂ ಬೇಡ" ಅಂತ ತೀರ್ಪು ಕೊಟ್ಟರು.

ನನಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ಒಂದೇ ಸಲಕ್ಕೆ ಐದು ವಿಷಯ ಬದಲಾಯಿಸಿ ಪ್ರಯೋಗ ಮಾಡಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಹೇಳೋದು? ಮಕ್ಕಳಿಗೆ ದಿನಾ ಕ್ಲಾಸಿನಲ್ಲಿ ಹೇಳುವ ಮಾತೇ ಇದು. ಜಾತ್ರೆಯ ಆಟಗಳು ಇನ್ನೂ ಕೆಲವು ದಿನ ಇದ್ದವು. ಭಾನುವಾರ ಮಧ್ಯಾಹ್ನದ ನಿದ್ದೆ ಮುಗಿಸಿ, ಹೊಟ್ಟೆ ತುಂಬಿದ ಮೇಲೆ, ನಾಲ್ಕು ಗಂಟೆಗೆ ಅದೇ ಜಾಗಕ್ಕೆ ಅವಳನ್ನೊಬ್ಬಳನ್ನೇ ಎತ್ತಿಕೊಂಡು ಹೋದೆ. ಮನೆಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ. ಅದೇ ಕೊಲಂಬಸ್, ಅದೇ ಸ್ಪೀಕರು, ದೂರದಲ್ಲಿ ಡೊಳ್ಳು ಬೇರೆ. ಮಗಳು ನನ್ನ ಕಿವಿಯೋಲೆ ಹಿಡಿದುಕೊಂಡು ಆರಾಮಾಗಿ ನೋಡುತ್ತಾ ಕೂತಳು. ನಲವತ್ತು ನಿಮಿಷ ಕಣ್ಣು ಬಾಯಿ ಬಿಟ್ಟು ನೋಡಿದ ಮೇಲೆ ಕಣ್ಣುಜ್ಜಿದಳು, ಮನೆಗೆ ಬಂದೆವು.

ಸದ್ದು ಪೂರ್ತಿ ನಿರಪರಾಧಿ ಅಂತಲ್ಲ. ಎಂಟು ಒಂಬತ್ತು ತಿಂಗಳಿಗೆ ಮಕ್ಕಳು ಹೊಸಬರಿಗೆ ಹೆದರುವುದೂ ಹೌದು. ಆದರೆ ಆ ರಾತ್ರಿ ಅವಳನ್ನು ಕೆಡಿಸಿದ್ದು ಎಂಟು ಗಂಟೆ, ಅವಳು ಮಲಗುವ ಹೊತ್ತು. ಅಂದಿನಿಂದ ನಾನು ತಿಂಗಳು ಎಣಿಸುವುದು ಬಿಟ್ಟು ಹೊತ್ತು ಎಣಿಸತೊಡಗಿದೆ. ಹತ್ತು ತಿಂಗಳಲ್ಲಿ ಅವಳು ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡೂವರೆಗೊಮ್ಮೆ ಮಲಗುತ್ತಿದ್ದಳು. ವಂಡರ್‌ಲಾದ ಗೇಟು ತೆಗೆಯುವುದೇ ಹನ್ನೊಂದಕ್ಕೆ. ಒಳಗೆ ಹೋಗುವ ಹೊತ್ತಿಗೆ ಒಂದು ನಿದ್ದೆ ಕೆಟ್ಟಿರುತ್ತದೆ, ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಎರಡು ನಿದ್ದೆಯ ಕೂಸಿಗೆ ಇಂಥ ಜಾಗ ಆಗದು. ಬೆಳಗಿನ ನಿದ್ದೆ ತಾನಾಗಿ ಬಿಟ್ಟುಹೋಗಿ, ಊಟವಾದ ಮೇಲಿನದು ಒಂದೇ ಉಳಿದಾಗ ಹೋಗುವುದು ಅಂತ ನಿಶ್ಚಯಿಸಿದೆ. ಅವಳು ಆ ನಿದ್ದೆ ಬಿಟ್ಟದ್ದು ಹದಿನಾರನೇ ತಿಂಗಳಲ್ಲಿ. ಕೆಲವು ಮಕ್ಕಳು ಇನ್ನೂ ಮುಂಚೆ ಬಿಡುತ್ತಾರೆ.

ಮಧ್ಯೆ ಬೇಸಿಗೆ ರಜೆಯಲ್ಲಿ ಇನ್ನೊಂದು ಕರೆ. ದಾವಣಗೆರೆಯ ಮೇ ತಿಂಗಳು ಗೊತ್ತಿದ್ದವರಿಗೆ ನೀರಾಟದ ಆಸೆ ಯಾಕೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ರಜೆಯ ಜನ, ತಲೆ ಮೇಲಿನ ಬಿಸಿಲು, ಎರಡು ನಿದ್ದೆ, ಮೂರೂ ಒಟ್ಟಿಗೆ ಬೇಡ ಅಂದೆ. ಬದಲಿಗೆ ಮನೆಯಲ್ಲೇ ಒಂದು ಕೆಲಸ ಮಾಡಿದೆ. ಹಿತ್ತಲಲ್ಲಿ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ತೊಟ್ಟಿಯ ತಣ್ಣೀರು ತುಂಬಿ ಅವಳನ್ನು ಕೂರಿಸಿ, ಗಡಿಯಾರ ನೋಡುತ್ತಾ ಕೂತೆ. ಸಣ್ಣ ಮೈಗೆ ತೂಕದ ಲೆಕ್ಕದಲ್ಲಿ ಚರ್ಮದ ವಿಸ್ತಾರ ಜಾಸ್ತಿ, ಅದಕ್ಕೇ ಮಕ್ಕಳ ಮೈಯ ಶಾಖ ನೀರಿಗೆ ಬೇಗ ಸೋರಿಹೋಗುತ್ತದೆ. ಹನ್ನೆರಡನೇ ನಿಮಿಷಕ್ಕೆ ಅವಳ ತುಟಿಯ ಬಣ್ಣ ಬದಲಾಯಿತು. ಹೊರಗೆ ಸುಡುವ ಬಿಸಿಲಿತ್ತು, ಅವಳು ಇನ್ನೂ ನಗುತ್ತಲೇ ಇದ್ದಳು, ಗಮನಿಸಬೇಕಾದ್ದು ಇದನ್ನೇ. ಮಗು ಖುಷಿಯಾಗಿದೆ ಅಂದಮಾತ್ರಕ್ಕೆ ಬೆಚ್ಚಗಿದೆ ಅಂತಲ್ಲ. ಹತ್ತು ನಿಮಿಷಕ್ಕೆ ಎತ್ತಬೇಕು, ಎಷ್ಟೇ ಒದರಲಿ, ಅಂತ ಅಂದೇ ಬರೆದಿಟ್ಟುಕೊಂಡೆ.

ಹದಿನೆಂಟು ತಿಂಗಳು ತುಂಬಿದ್ದು ಡಿಸೆಂಬರಿನಲ್ಲಿ. ಒಂದೇ ನಿದ್ದೆ, ನಡಿಗೆ ಗಟ್ಟಿ, ಬೂಸ್ಟರ್ ಸೂಜಿ ಮತ್ತು ದಡಾರದ ಎರಡನೇ ಡೋಸು ಎರಡೂ ಆಗಿದ್ದವು. ಅಂಗನವಾಡಿಯಲ್ಲಿ ಅಳೆದಾಗ 80. ಅತ್ತೆಗೆ ತಡೆಯಲಾಗುತ್ತಿಲ್ಲ. "ಇನ್ನ ಐದ ಉಳಿದಾವು ನೋಡವ್ವಾ." ಆದರೆ ಡಿಸೆಂಬರ್ ಅಂದರೆ ಏನು ಅಂತ ಟೀಚರ್ ಆದವಳಿಗೆ ಗೊತ್ತು. ರಾಜ್ಯದ ಅರ್ಧ ಶಾಲೆಗಳ ಶೈಕ್ಷಣಿಕ ಪ್ರವಾಸದ ಬಸ್ಸು ಆಗಲೇ ಹೊರಡುವುದು. ಒಂದು ವರ್ಷ ನಾನೇ ನೂರು ಮಕ್ಕಳ ತಲೆ ಎಣಿಸುತ್ತಾ ಅದೇ ಪಾರ್ಕಿನಲ್ಲಿ ಓಡಾಡಿದ್ದೇನೆ, ಆ ಗಲಾಟೆಗೆ ನಾನೂ ಒಬ್ಬ ಪಾಲುದಾರಳು. ಜೊತೆಗೆ ಬೆಂಗಳೂರಿನ ಡಿಸೆಂಬರ್ ಚಳಿಗೆ ನೀರಿನ ಮಾತೇ ಬೇಡ. ಫೆಬ್ರವರಿ ಮಧ್ಯದ ಒಂದು ಮಂಗಳವಾರ ಆರಿಸಿದೆ. ಪ್ರವಾಸಗಳು ಮುಗಿದು ಪರೀಕ್ಷೆಯ ಬಿಸಿ ಹತ್ತಿರುತ್ತದೆ, ಚಳಿ ಇಳಿದಿರುತ್ತದೆ, ಬೇಸಿಗೆ ಇನ್ನೂ ಕಾಲಿಟ್ಟಿರುವುದಿಲ್ಲ. ಎರಡು ಸಿ.ಎಲ್. ಹೋಯಿತು, ಹೋಗಲಿ. ನಾದಿನಿಯ ಮಗ ಶಾಲೆಗೆ ಚಕ್ಕರ್ ಹಾಕಿದ, ಅದನ್ನು ಟೀಚರ್ ಆಗಿ ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳಿ.

ಅದಕ್ಕೆ ಮುಂಚೆ ಎರಡು ರಿಹರ್ಸಲ್ ಮಾಡಿದೆವು. ನಮ್ಮೂರ ಗಾಜಿನ ಮನೆ ಪಾರ್ಕಿಗೆ ಒಂದು ಸಂಜೆ, ಸುಮ್ಮನೆ. ಆನಗೋಡಿನ ಕಿರು ಮೃಗಾಲಯಕ್ಕೆ ಒಂದು ಇಡೀ ಬೆಳಿಗ್ಗೆ, ಅದು ಕೆಲಸಕ್ಕೆ ಬಂತು. ಮನೆಯಿಂದ ದೂರದಲ್ಲಿ ಅವಳು ಬುತ್ತಿಯ ಮೊಸರನ್ನ ತಿನ್ನುತ್ತಾಳಾ, ಹೊರಗೆ ಡೈಪರ್ ಬದಲಾಯಿಸಲು ಎಷ್ಟು ಹೊತ್ತು, ಎದೆಗೆ ಕಟ್ಟಿಕೊಳ್ಳುವ ಜೋಳಿಗೆಯಲ್ಲಿ ಗದ್ದಲದ ಮಧ್ಯೆ ನಿದ್ದೆ ಬರುತ್ತದಾ, ಇಷ್ಟೇ ನೋಡಬೇಕಿತ್ತು. ನಿದ್ದೆ ಬಂತು, ಆದರೆ ಮನೆಯವರ ಎದೆ ಮೇಲೆ ಮಾತ್ರ. ನನ್ನ ಹತ್ತಿರ ಬಂದರೆ ಹಾಲಿನ ನೆನಪು. ಹಾಗಾಗಿ ಪಾರ್ಕಿನಲ್ಲಿ ಮಲಗಿಸುವ ಪಾಳಿ ಅವರದು ಅಂತಾಯಿತು. ಬೇರೆ ಯಾರು ಹೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ, ಜಿಂಕೆಗಳ ಮುಂದೆ ತಾವೇ ಸಾಬೀತು ಮಾಡಿದ್ದರಲ್ಲ!

ದಾವಣಗೆರೆಯಿಂದ ಬೆಂಗಳೂರಿಗೇ ಸುಮಾರು 260 ಕಿಲೋಮೀಟರ್, ಬಿಡದಿ ಬೆಂಗಳೂರನ್ನೂ ದಾಟಿ ಆಚೆ. ಒಂದೇ ದಿನಕ್ಕೆ ಕಾರಿನಲ್ಲಿ ಹೋಗಿಬರೋಣ ಎಂಬ ಮಾತನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಹಿಂದಿನ ದಿನ ರೈಲಿನಲ್ಲಿ ಹೊರಟೆವು. ರೈಲಿನಲ್ಲಾದರೆ ಕೂಸು ಅತ್ತಿತ್ತ ನಡೆಯಬಹುದು, ಕಾರಿನಲ್ಲಿ ಕಟ್ಟಿಹಾಕಿ ಕೂರಿಸಬೇಕು. ನಾದಿನಿಯ ಮನೆ ಕೆಂಗೇರಿ, ಮೈಸೂರು ರಸ್ತೆಯ ಮೇಲೇ, ಬೆಳಿಗ್ಗೆ ಊರಿನ ಟ್ರಾಫಿಕ್ ಸೀಳಿ ಹೋಗುವ ತಾಪತ್ರಯವಿಲ್ಲ.

ಚೀಲದ ವಿಷಯ. ನೀರಿಗೆ ಇಳಿಯಲು ನೈಲಾನ್ ಥರದ ಬಟ್ಟೆಯೇ ಆಗಬೇಕು, ಕಾಟನ್ ನಡೆಯುವುದಿಲ್ಲ. ಮಂಡಿಪೇಟೆಯಲ್ಲಿ ಮೂರು ಅಂಗಡಿ ಸುತ್ತಿದರೂ ಅಷ್ಟು ಸಣ್ಣ ಸೈಜು ಸಿಗದೆ ಆನ್‌ಲೈನಿನಲ್ಲಿ ತರಿಸಿದೆ. ಮಾಮೂಲಿ ಡೈಪರ್ ನೀರು ಕುಡಿದು ಕಲ್ಲಿನಂತೆ ಉಬ್ಬುತ್ತದೆ, ಈಜಿಗೆಂದೇ ಬೇರೆ ಡೈಪರ್ ಬರುತ್ತದೆ. ಅದು ಮಲ ತಡೆಯುತ್ತದೆ, ಉಚ್ಚೆ ತಡೆಯುವುದಿಲ್ಲ, ನೀರಿಗಿಳಿಯುವ ಗಳಿಗೆಯವರೆಗೂ ಹಾಕಬಾರದು. ಇದು ನನಗೆ ನಾದಿನಿಯ ಕಾರಿನ ಸೀಟಿನ ಮೇಲೆ ಗೊತ್ತಾಯಿತು. ಊಟದ ಬಗ್ಗೆ ಮೊದಲೇ ಫೋನ್ ಮಾಡಿ ಕೇಳಿದ್ದೆ, ಮಗುವಿನ ಆಹಾರಕ್ಕೆ ಅಡ್ಡಿ ಬರಲಿಲ್ಲ. ರಾಗಿ ಸರಿ, ಇಡ್ಲಿ, ಬಾಳೆಹಣ್ಣು. ಅತ್ತೆ ನಮ್ಮೂರ ಮಂಡಕ್ಕಿಯನ್ನು ಶೇಂಗಾ ಹಾಕಿ ಒಗ್ಗರಣೆ ಮಾಡಿ ತುರುಕಿದ್ದರು. ಶೇಂಗಾ ಒಂದೊಂದನ್ನೇ ಆರಿಸಿ ತೆಗೆದೆ. ಆ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥ ಅದು.

ದಿನ ಹೇಗೆ ಹೋಯಿತು ಅಂದರೆ, ಹನ್ನೊಂದರಿಂದ ಒಂದರವರೆಗೆ ಅವಳ ದಿನ. ಪುಟ್ಟ ಮಕ್ಕಳ ಕುದುರೆ ತಿರುಗಣಿಯಲ್ಲಿ ನನ್ನ ತೊಡೆ ಮೇಲೆ ಎರಡು ಸುತ್ತು. ಮಕ್ಕಳ ಕೊಳದಲ್ಲಿ ಹತ್ತು ನಿಮಿಷ, ಹೊರಗೆ, ಟವೆಲ್, ಬಿಸಿಲಿಗೆ ಕೂತು ಇಡ್ಲಿ, ಮತ್ತೆ ಹತ್ತು ನಿಮಿಷ. ಎತ್ತಿದಾಗೆಲ್ಲ ಊರಿಗೆಲ್ಲ ಕೇಳುವಂತೆ ಒದರಿದಳು. ಅಕ್ಕಪಕ್ಕದವರು ನನ್ನನ್ನು ಎಂಥ ತಾಯಿ ಅಂತ ನೋಡಿದರು. ಒಂದೂಕಾಲಿಗೆ ಅಪ್ಪನ ಎದೆ ಮೇಲೆ, ಮರದ ನೆರಳಲ್ಲಿ ಮಲಗಿದವಳು ಎದ್ದದ್ದು ಮೂರಕ್ಕೆ. ಆ ಹೊತ್ತು ನಂದು. ಸೋದರಳಿಯನ ಜೊತೆ ಮೂರು ಆಟ ಆಡಿದೆ, ಒಂದರಲ್ಲಿ ಕಿರುಚಿ ಕಿರುಚಿ ಮರುದಿನ ಪಾಠ ಮಾಡಲು ಗಂಟಲಿರಲಿಲ್ಲ. ಹೆರಿಗೆಯಾದ ಮೇಲೆ ನಾನು ಅಷ್ಟು ಜೋರಾಗಿ ಕಿರುಚಿದ್ದು ಅದೇ ಮೊದಲು. ಮನೆಯವರಿಗೆ ಸಿಕ್ಕಿದ್ದು ಒಂದೇ ಆಟ, ಅದನ್ನು ಇವತ್ತಿಗೂ ಲೆಕ್ಕ ಹೇಳುತ್ತಾರೆ. ನಾಲ್ಕೂವರೆಗೆ ಅವಳು ಕಣ್ಣುಜ್ಜಿದಳು. ನಾದಿನಿಯ ಮಗ ಇನ್ನೂ ಒಂದು ಗಂಟೆ ಅಂತ ಗೋಗರೆದ. ನಾದಿನಿಯನ್ನೂ ಅವನನ್ನೂ ಅಲ್ಲೇ ಬಿಟ್ಟು ನಾವು ಮೂವರೂ ಹೊರಟುಬಂದೆವು.

ಮಗಳಿಗೆ ಇದರಲ್ಲಿ ಏನೂ ನೆನಪಿರುವುದಿಲ್ಲ, ಗೊತ್ತು. ನೀರಿನ ಭಯ ಮಾತ್ರ ಇಲ್ಲ.

ಮತ್ತೆ ಮಾಡುವುದಾದರೆ ಒಂದು ಬದಲಾಯಿಸುತ್ತೇನೆ: ಕೂಸಿನ ಪಾಳಿಗೆ ಮೂರನೆಯ ದೊಡ್ಡವರೊಬ್ಬರು ಬೇಕು. ಅತ್ತೆಯನ್ನೇ ಕರೆದುಕೊಂಡು ಹೋಗಬೇಕಿತ್ತು, ಆವತ್ತು ನನಗೆ ಹೊಳೆಯಲೇ ಇಲ್ಲ. ಮೊನ್ನೆ ಚೌಕಟ್ಟಿನ ಹತ್ತಿರ ಮಗಳನ್ನು ನಿಲ್ಲಿಸಿ ಗೆರೆ ಹಾಕುವಾಗ ಈ ಮಾತು ತೆಗೆದೆ. ಕೆಂಪು ಗೆರೆ ಅವಳ ಕಿವಿಯ ಹತ್ತಿರಕ್ಕೆ ಬಂದಿದೆ. ಅತ್ತೆ ಗೆರೆಯನ್ನೂ ನನ್ನನ್ನೂ ನೋಡಿ ಕೇಳಿದರು:

"ಮುದುಕೇರಿಗೆ ಎಷ್ಟ್ ಸೆಂಟಿಮೀಟ್ರಿನ ತಂಕ ಫ್ರೀ ಐತಿ, ಅದನ್ನ ಕೇಳು ಮೊದ್ಲು."